ಏಳೂವರೆ ಎಂದರೆ ಏಳೂವರೆ

ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ ಕಲಿತು, ಸೇನೆಯಲ್ಲಿ ಸವೆದು, ಕೊನೆಗೆ ಬೆಳಗಾವಿಯ ತಂಪಿಗೆ ಮನಸೋತು ಇಲ್ಲಿಯೇ ಮನೆ ಕಟ್ಟಿಕೊಂಡ ಒಂಬತ್ತು ಮಂದಿ ನಿವೃತ್ತರ ಕೂಟ ನಮ್ಮದು. ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ, ಕುಶಲ ವಿಚಾರಿಸಿ, ಸುದ್ದಿ ಓದಿ, ಉಂಡು ಏಳುತ್ತೇವೆ. ನಾನು ಕಾರ್ಯದರ್ಶಿ. ಈ ಪದವಿ ಚುನಾವಣೆಯಿಂದ ಬಂದದ್ದಲ್ಲ. 63 ವರ್ಷದ ನಾನೇ ಕೂಟದಲ್ಲಿ ಎಲ್ಲರಿಗಿಂತ ಚಿಕ್ಕವನಾದ್ದರಿಂದ ಬಂದದ್ದು. ಕುರ್ಚಿ ಜೋಡಿಸುವವನೂ ನಾನೇ.

ಅಕಾಡೆಮಿಯ ಹಿರಿತನದ ಲೆಕ್ಕ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ಅಲ್ಲಿ ಮೂರು ವರ್ಷದ ತರಬೇತಿಯನ್ನು ಆರು ಟರ್ಮ್‌ಗಳಾಗಿ ಹಂಚಿದ್ದಾರೆ; ನಿಮಗಿಂತ ಆರು ತಿಂಗಳು ಮೊದಲು ಅದರ ಗೇಟು ಹೊಕ್ಕವರು ನಿಮಗೆ ಬದುಕಿರುವವರೆಗೂ ‘ಸರ್’. ಮುಂದೆ ನೀವು ಬ್ರಿಗೇಡಿಯರ್ ಆಗಿ, ಅವರು ಕರ್ನಲ್ ಆಗಿಯೇ ನಿವೃತ್ತರಾದರೂ ಕೂಟದಲ್ಲಿ ನೀರಿನ ತಂಬಿಗೆ ತರಲು ಏಳಬೇಕಾದವರು ನೀವೇ. ನಮ್ಮ ಬ್ರಿಗೇಡಿಯರ್ ಸಾಹೇಬರು ಎರಡೂ ಮೊಣಕಾಲಿನ ಕೀಲು ಬದಲಿಸಿಕೊಂಡ ಮೇಲೆಯೂ ಏಳುತ್ತಾರೆ. ಮೊದಮೊದಲು ನಾನು ತಡೆಯುತ್ತಿದ್ದೆ. ಈಗ ಅದೂ ಒಂದು ಫಿಜಿಯೋಥೆರಪಿ ಎಂದು ಸುಮ್ಮನಿರುತ್ತೇನೆ.

ಹಿರಿತನ ಒಂದು ವ್ಯಾಧಿಯಾದರೆ ಸಮಯಪಾಲನೆ ಇನ್ನೊಂದು. ಫೌಜಿನಲ್ಲಿ ದೊಡ್ಡ ಸಾಹೇಬರು ಹತ್ತು ಗಂಟೆಗೆ ಬರುತ್ತಾರೆಂದರೆ, ಕೆಳಗಿನ ಪ್ರತಿ ಮೆಟ್ಟಿಲಿನವನೂ ತನ್ನದೊಂದು ಕಾಲು ಗಂಟೆ ಸೇರಿಸುತ್ತ ಹೋಗಿ, ಕಟ್ಟಕಡೆಯ ಸಿಪಾಯಿ ಎಂಟಕ್ಕೇ ಬಿಸಿಲಿನಲ್ಲಿ ನಿಂತಿರುತ್ತಾನೆ. 2025ರ ಜೂನ್ ತಿಂಗಳ ಕೂಟ ಟಿಳಕವಾಡಿಯ ನಮ್ಮ ಮನೆಯಲ್ಲೆಂದು ಗೊತ್ತಾದಾಗ ನಾನು ಪದ್ಧತಿಯಂತೆ ಎಲ್ಲರಿಗಿಂತ ಹಿರಿಯರಾದ ಕರ್ನಲ್ ಸಾಹೇಬರಿಗೆ ಫೋನ್ ಮಾಡಿ ‘ಸಂಜೆ 7.30’ ಎಂದೆ. ಅವರು ತಮ್ಮ ಕೆಳಗಿನವರಿಗೆ, ಅವರು ತಮ್ಮ ಕೆಳಗಿನವರಿಗೆ ತಿಳಿಸುತ್ತ ಹೋಗಿ, ಕೊನೆಯವರನ್ನು ಮುಟ್ಟುವಷ್ಟರಲ್ಲಿ ಅದು 6.50 ಆಗಿತ್ತೆಂಬುದು ನನಗೆ ಆಮೇಲೆ ತಿಳಿಯಿತು.

ಆ ಸಂಜೆ ಓದಲು ನನ್ನ ಬಳಿ ಅಪರೂಪಕ್ಕೆ ನಿಜವಾದ ಸುದ್ದಿಯಿತ್ತು. ಹಿಂದೆ ನಮ್ಮ ಸುದ್ದಿಯೆಂದರೆ ಬಡ್ತಿ, ವರ್ಗಾವಣೆ; ಈಗ ಕಣ್ಣಿನ ಪೊರೆ, ಸ್ಟೆಂಟ್, ಅಮೆರಿಕದ ಮೊಮ್ಮಕ್ಕಳು. ಆದರೆ ಮೇ 30ರಂದು 148ನೆಯ ಕೋರ್ಸಿನ (ಒಟ್ಟಿಗೆ ಸೇರಿದವರ ತಂಡಕ್ಕೆ ಅಲ್ಲಿ ಕೋರ್ಸ್ ಎನ್ನುತ್ತಾರೆ) ಜೊತೆ 17 ಹುಡುಗಿಯರು ಮೊಟ್ಟಮೊದಲ ಬಾರಿಗೆ ಅಕಾಡೆಮಿಯ ತರಬೇತಿ ಮುಗಿಸಿ ಹೊರಬಂದಿದ್ದರು. ಅದನ್ನು ಎರಡು ಪುಟ ಬರೆದು, ಕನ್ನಡಿಯ ಮುಂದೆ ಓದಿ ನೋಡಿ, ಕುರ್ಚಿ ಜೋಡಿಸಿ ಕಾದು ಕುಳಿತೆ. ಮನೆಯವಳು ಮಿರ್ಚಿ ಭಜಿಯನ್ನು ಬಿಸಿಬಿಸಿಯಾಗಿಯೇ ಬಡಿಸಬೇಕೆಂದು ಸರಿಯಾಗಿ 7.25ಕ್ಕೆ ಬಾಣಲೆಗೆ ಬಿಟ್ಟಳು.

ಗಂಟೆ 7.30 ಆಯಿತು. ಒಬ್ಬರೂ ಬರಲಿಲ್ಲ. 7.35 ಆಯಿತು. ಬೇರೆಯವರ ಮನೆಯಲ್ಲಿ ಐದು ನಿಮಿಷ ತಡವೆಂದರೆ ಮಳೆ ಎನ್ನುತ್ತಾರೆ; ನಮ್ಮವರು ಐದು ನಿಮಿಷ ತಡವೆಂದರೆ ಯುದ್ಧವೇ ಇರಬೇಕು. ಕರ್ನಲ್ ಸಾಹೇಬರೊಬ್ಬರನ್ನು ಬಿಟ್ಟು ಉಳಿದವರಿಗೆಲ್ಲ ಫೋನ್ ಮಾಡಿದೆ; ಯಾರೂ ಎತ್ತಲಿಲ್ಲ.

“ರೀ, ಭಜಿ ಆರಾಕತ್ತಾವು. ನಿಮ್ಮ ಸೈನ್ಯ ಎಲ್ಲಿ ಐತಿ?” ಎಂದು ಒಳಗಿನಿಂದ ಕೇಳುತ್ತಿದ್ದಂತೆಯೇ ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ರೇನ್‌ಕೋಟು ತೊಟ್ಟ ಪೊಲೀಸ್ ಪೇದೆ.

“ಸಾಹೇಬ್ರ, ನಿಮ್ಮ ಓಣಿ ತಿರುವಿನ್ಯಾಗ ಏಳು ಕಾರು ಲೈಟ್ ಬಂದ್ ಮಾಡಿ ನಿಂತಾವ್ರಿ. ಎಲ್ಲಾದ್ರಾಗೂ ವಯಸ್ಸಾದವ್ರು ಕುಂತಾರ. ಎದುರಮನಿ ಮೌಶಿ 112ಕ್ಕ ಫೋನ್ ಮಾಡ್ಯಾರ. ಯಾಕ ಕುಂತೀರಿ ಅಂದ್ರ ಎಲ್ಲಾರೂ ಮುಂದಿನ ಕಾರಿಗೆ ಬಟ್ಟು ತೋರಸ್ತಾರ್ರಿ.”

ಕೊಡೆ ಹಿಡಿದು ಓಡಿದೆ. ಪೇದೆಯ ಮಾತು ಅಕ್ಷರಶಃ ನಿಜವಾಗಿತ್ತು. ಬೇಗ ಒಳಗೆ ಹೋಗುವುದು ಅಸಭ್ಯತೆ, ತಡವಾಗಿ ಹೋಗುವುದು ಅಪರಾಧವೆಂದು ಕಿರಿಯರೆಲ್ಲ ಏಳಕ್ಕೆ ಮೊದಲೇ ಬಂದು, ಮುಂದಿನ ಜಾಗವನ್ನು ಹಿರಿಯರಿಗೆ ಬಿಟ್ಟು, ಕೋರ್ಸಿನ ಕ್ರಮದಲ್ಲಿಯೇ ಕಾರು ನಿಲ್ಲಿಸಿದ್ದರು. ಫೋನುಗಳನ್ನು ಆಗಲೇ ಸೈಲೆಂಟ್ ಮಾಡಿದ್ದರು. ಎಲ್ಲಕ್ಕೂ ಮುಂದಿನ ಕಾರಿನಲ್ಲಿ, 84ರ ವಯಸ್ಸಿನಲ್ಲಿಯೂ ಸ್ವತಃ ಕಾರು ನಡೆಸುವ ನಮ್ಮ ಕರ್ನಲ್ ಸಾಹೇಬರು ಬೆತ್ತವನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಗಾಢ ನಿದ್ದೆಯಲ್ಲಿದ್ದರು. ಅವರಿಗಿಂತ ಮೊದಲು ಒಳಗೆ ಹೋಗುವ ಹಕ್ಕು ಯಾರಿಗೂ ಇರಲಿಲ್ಲ. ಅವರ ಗಾಜು ತಟ್ಟುವ ಧೈರ್ಯವೂ ಇರಲಿಲ್ಲ.

“ನಾ ತಟ್ಟಲೇನ್ರಿ?” ಎಂದು ಪೇದೆ ಕೈ ಎತ್ತಿದ. ಬ್ರಿಗೇಡಿಯರ್ ಸಾಹೇಬರು ಗಾಬರಿಯಿಂದ ಆ ಕೈಯನ್ನು ಹಿಡಿದುಕೊಂಡರು.

ಮಳೆಯಲ್ಲಿಯೇ ಸಮಾಲೋಚನೆ ನಡೆಯಿತು. ಹಿರಿಯರನ್ನು ಎಬ್ಬಿಸುವ ಅಧಿಕಾರ ಅವರದೇ ಕೋರ್ಸಿನವರಿಗೆ ಮಾತ್ರ. ಅಂಥವರೊಬ್ಬರು ಈಗ ಪುಣೆಯ ಮಗನ ಮನೆಯಲ್ಲಿದ್ದಾರೆ. ಅವರಿಗೆ ಫೋನ್ ಹಚ್ಚಿ ಸ್ಥಿತಿಯನ್ನು ನಿವೇದಿಸಿದೆ. ಅರ್ಧ ನಿಮಿಷದಲ್ಲಿ ಕರ್ನಲ್ ಸಾಹೇಬರ ಜೇಬಿನಲ್ಲಿ ಗಂಟೆ ಬಾರಿಸಿತು (ತಮ್ಮ ಫೋನನ್ನು ಸೈಲೆಂಟ್ ಮಾಡುವುದು ಅವರಿಗೆ ಬರುವುದಿಲ್ಲ, ದೇವರು ದೊಡ್ಡವನು). ಮುಚ್ಚಿದ ಗಾಜಿನೊಳಗಿಂದಲೂ ಪುಣೆಯ ಧ್ವನಿ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿತು: “ಏಳೋ ಕತ್ತೀ! ಹೊರಗ ಹುಡುಗ್ರು ತೊಯ್ಯಾಕತ್ತಾರ!”

ಹುಡುಗರಲ್ಲಿ ಇಬ್ಬರು 80 ದಾಟಿದವರಿದ್ದರು.

ಸಾಹೇಬರು ಕಾರಿನಿಂದಿಳಿದು ಗಡಿಯಾರ ನೋಡಿದರು. 7.52. “ಯಾರು ತಡ ಮಾಡಿದ್ದು?” ಎಂದು ಗುಡುಗಿದರು. ಏಳು ಜೋಡಿ ಕಣ್ಣುಗಳು ನನ್ನತ್ತ ತಿರುಗಿದವು. “ತಪ್ಪಾಯಿತು ಸರ್” ಎಂದೆ. ಬೇರೇನು ಹೇಳುವುದು?

ಆರಿದ ಭಜಿಯನ್ನು ಪೇದೆಯೂ ನಮ್ಮೊಡನೆ ಕುಳಿತು ತಿಂದ. ನಾನು ಸುದ್ದಿ ಓದಿದೆ. 17 ಹುಡುಗಿಯರ ವಿಷಯ ಬಂದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಕರ್ನಲ್ ಸಾಹೇಬರು ಮಾತ್ರ ನನ್ನತ್ತ ಬಾಗಿ, “ಹಂಗಾರ ನೀ ಈಗ ಅವರಿಗೆ ಸೀನಿಯರ್. ಅವರು ರಿಟೈರ್ ಆಗಿ ಬೆಳಗಾವಿಗೆ ಬರೂತನಕ ಅಷ್ಟ ಕುರ್ಚಿ ಜೋಡಸು” ಎಂದು ಸಮಾಧಾನ ಹೇಳಿದರು. ಆ ಹುಡುಗಿಯರು ನಿವೃತ್ತರಾಗುವ ಹೊತ್ತಿಗೆ ನಾನು ನೂರರ ಹೊಸ್ತಿಲಲ್ಲಿರುತ್ತೇನೆ ಎಂಬ ಲೆಕ್ಕವನ್ನು ಅವರ ಮುಂದೆ ಒಪ್ಪಿಸಲಿಲ್ಲ. ಹಿರಿಯರ ಲೆಕ್ಕ ತಿದ್ದುವ ಪದ್ಧತಿ ನಮ್ಮಲ್ಲಿಲ್ಲ.

ಈಗ ಎದುರುಮನೆಯ ಮೌಶಿ 112ಕ್ಕೆ ಫೋನ್ ಮಾಡುವುದಿಲ್ಲ. ನಮ್ಮ ಮನೆಯ ಸರದಿ ಮತ್ತೆ ಬಂದ ದಿನ ಸಂಜೆ 6.40ಕ್ಕೆ ನೇರವಾಗಿ ನನಗೇ ಮಾಡಿದರು: “ನಿಮ್ಮವ್ರು ನಾಲ್ಕು ಮಂದಿ ಬಂದಾರ್ರಿ. ಮುಂದಿನ ಜಾಗ ಇನ್ನೂ ಖಾಲಿ ಐತಿ.”