ಸೀಗಡಿಗೂ ಮನೆತನ ನೋಡ್ತಾರೆ

ನಮ್ಮೂರು ಚಳ್ಳಕೆರೆ ಕಡೆ, ಮನೆಯಲ್ಲಿ ಕುರಿ ಸಾಕುತ್ತಾರೆ. ನಾನಿರುವುದು ನೆಲ್ಲೂರಿನಲ್ಲಿ, ಸೀಗಡಿ ಹೊಂಡಗಳ ನಡುವೆ. ಊರಿಗೆ ಹೋದಾಗೆಲ್ಲ ದೊಡ್ಡಪ್ಪ ನಗ್ತಾ ಕೇಳುತ್ತಾರೆ: "ನೀರಿನ ಹುಳಕ್ಕೂ ತಳಿ ನೋಡ್ತಾರೇನೋ?"

ನೋಡುತ್ತಾರೆ. ನಾವು ಟಗರು ನೋಡುವುದಕ್ಕಿಂತ ಜಾಸ್ತಿ.

1990ರ ದಶಕದಲ್ಲಿ ಬಿಳಿಚುಕ್ಕೆ ವೈರಸ್ ಬಂದು ಇಲ್ಲಿನ ಟೈಗರ್ ಸೀಗಡಿ ಸಾಕಣೆ ನೆಲಕಚ್ಚಿತ್ತು. ಆಗ ತಾಯಿ ಸೀಗಡಿಯನ್ನು ಸಮುದ್ರದಿಂದ ಹಿಡಿದು ತರುತ್ತಿದ್ದರು. ಅದರ ಜೊತೆ ರೋಗವೂ ಬರುತ್ತಿತ್ತು. 2009ರಲ್ಲಿ ವನ್ನಾಮೆ ಎಂಬ ವಿದೇಶಿ ಸೀಗಡಿ ಸಾಕಲು ಒಪ್ಪಿಗೆ ಸಿಕ್ಕಿತು. ಇದರ ತಾಯಿ ಹೆಚ್ಚಾಗಿ ವಿದೇಶದಿಂದ ವಿಮಾನದಲ್ಲಿ ಬಂದು, ಚೆನ್ನೈನಲ್ಲಿ ಕ್ವಾರಂಟೈನ್ ಮುಗಿಸಿ, ಮರಿ ಮಾಡಿಸುವ ಹ್ಯಾಚರಿ ಸೇರುತ್ತದೆ.

ಆ ತಾಯಿಯನ್ನು ಆರಿಸುವ ರೀತಿಯೇ ಚೆಂದ. ಕುರಿಯಾದರೆ ಕಿವಿಗೆ ಓಲೆ ಹಾಕಬಹುದು. ಸೀಗಡಿ ಚಿಪ್ಪು ಕಳಚುತ್ತಲೇ ಇರುತ್ತದೆ, ಓಲೆ ಎಲ್ಲಿ ನಿಲ್ಲಬೇಕು? ಅದಕ್ಕೇ ಬಾಲದ ಮಾಂಸದೊಳಗೆ ಬಣ್ಣ ಚುಚ್ಚುತ್ತಾರೆ. ಒಂದೊಂದು ಮನೆಯ ಮಕ್ಕಳಿಗೆ ಒಂದೊಂದು ಬಣ್ಣ. ಎಲ್ಲವನ್ನೂ ಒಂದೇ ಹೊಂಡದಲ್ಲಿ ಬೆಳೆಸಿ ತೂಗುತ್ತಾರೆ. ಪ್ರತಿ ಮನೆಯಿಂದ ಒಂದಷ್ಟನ್ನು ಬೇರೆ ಕಡೆ ಒಯ್ದು ಬೇಕಂತಲೇ ರೋಗ ಅಂಟಿಸುತ್ತಾರೆ. ಬದುಕಿದ್ದನ್ನು ತಳಿಗೆ ಇಟ್ಟುಕೊಳ್ಳುವುದಿಲ್ಲ, ಮೈಯಲ್ಲಿ ವೈರಸ್ ಉಳಿದಿರಬಹುದು ಅಲ್ವಾ? ರೋಗ ಅಂಟಿಸದೆ ಉಳಿಸಿದ ಅದರ ಒಡಹುಟ್ಟಿದವನ್ನು ಆರಿಸುತ್ತಾರೆ. ಬೇಗ ಬೆಳೆಯುವ ಗುಣ ಹೀಗೆ ಮಕ್ಕಳಿಗೆ ಚೆನ್ನಾಗಿ ಇಳಿಯುತ್ತದೆ. ಬಿಳಿಚುಕ್ಕೆ ತಡೆಯುವ ಗುಣ ಅಷ್ಟು ಸಲೀಸಾಗಿ ಇಳಿಯುವುದಿಲ್ಲ. ಹೊಂಡಕ್ಕೆ ಬಿಡುವ ಸೀಗಡಿ ಮರಿಗೆ ಇಲ್ಲಿ ಸೀಡ್ ಅಂತಾರೆ. ರೋಗವಿಲ್ಲದ ಸೀಡ್ ಅಂದರೆ ರೋಗ ಬಾರದ ಸೀಡ್ ಅಲ್ಲ. ಸೀಡ್ ಮಾರುವ ಏಜೆಂಟರು ಇದನ್ನು ಹೇಳುವುದಿಲ್ಲ ಬಿಡಿ.

ನಮ್ಮಲ್ಲಿ? ಕೊಂಬು, ಎದೆಯ ಅಗಲ ನೋಡಿ ಟಗರು ಬಿಡುತ್ತೇವೆ. ಅದರ ಹೆಣ್ಣುಮರಿ ಬೆಳೆದರೆ ಅದಕ್ಕೂ ಅದೇ ಟಗರು. ಹೀಗೆ ಒಂದೇ ರಕ್ತದಲ್ಲಿ ಹುಟ್ಟಿದ ಮರಿ ಸೊರಗಿದರೆ ಮೇವಿನ ಮೇಲೆ ತಪ್ಪು ಹೊರಿಸುತ್ತೇವೆ. ಯಾವ ಮರಿಗೆ ಯಾವ ಟಗರು, ಯಾವ ತಾಯಿ ಅಂತ ಬರೆದಿಡಿ ಅಂದರೆ ದೊಡ್ಡಪ್ಪನಿಗೆ ಸಿಟ್ಟು. "ನೂಲಿನಂತೆ ಸೀರೆ. ತಾಯಿ ನೋಡಿಯೇ ಮರಿ ಇಟ್ಕೊಳ್ಳೋದು. ಬರೆಯೋಕೆ ಏನೈತೆ?"

ಒಂದು ಮಾತು ಒಪ್ಪಬೇಕು. ಅವರ ತಾಯಿಕುರಿ ಅವರದೇ ರೊಪ್ಪದಲ್ಲಿದೆ. ಇಲ್ಲಿ ಲಕ್ಷಗಟ್ಟಲೆ ಸೀಡ್ ಬಿಡುವ ರೈತ ತಾಯಿಯ ಮುಖ ಕಂಡವನಲ್ಲ. ದಾವಣಗೆರೆಯ ಮೆಕ್ಕೆಜೋಳದವರು ವರ್ಷವರ್ಷ ಬೀಜದ ಪ್ಯಾಕೆಟ್ ಕೊಳ್ಳುವಂತೆ ಇವನೂ ಪ್ರತಿ ಬೆಳೆಗೆ ಕೊಳ್ಳಬೇಕು. ವಂಶದ ಲೆಕ್ಕ ಇರುವುದು ಕಂಪನಿಯ ಕೈಯಲ್ಲಿ. ಮೀನು-ಸೀಗಡಿ ಸಾಕಣೆಯ ಸಂಶೋಧನೆ ಮಾಡುವ ಚೆನ್ನೈನ ಸರ್ಕಾರಿ ಸಂಸ್ಥೆ ಸಿಬಾದವರು ನಮ್ಮದೇ ಬಿಳಿ ಸೀಗಡಿಯ ತಳಿ ಸುಧಾರಿಸಲು ಹೊರಟಿದ್ದಾರೆ ಎಂದು ನನಗೆ ಖುಷಿಯಾಗಿದ್ದು ಇದಕ್ಕೇ. ಕುರಿ ಸಾಕುವವರಿಗೆ ತಾಯಿ ಕೈಯಲ್ಲೇ ಇದೆ, ಲೆಕ್ಕವೂ ಅವರ ಕೈಯಲ್ಲೇ ಇರಲಿ ಎಂಬುದು ನನ್ನ ಆಸೆ.

ಹೋದ ಸಲ ಒಂದು ನೋಟ್‌ಬುಕ್, ಒಂದಷ್ಟು ಕಿವಿಯೋಲೆ ಕೊಟ್ಟು ಬಂದೆ. ಓಲೆ ಹಾಕಿಸಿದ್ದಾರೆ. ನೋಟ್‌ಬುಕ್‌ನಲ್ಲಿ ಸದ್ಯಕ್ಕೆ ಕೈಸಾಲದ ಲೆಕ್ಕ ಇದೆ.