ಅನ್ನದ ಕಟ್ಟೆ

ಬಾಳೆ ಎಲೆ ಹಾಕಿದ ಕೂಡಲೇ ನನ್ನ ಮನಸ್ಸು ತಣ್ಣಗಾಗುತ್ತದೆ. ಕುಡಿ ಎಡಕ್ಕೆ. ಅಲ್ಲಿ ಉಪ್ಪು, ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಪಲ್ಯ, ನಡುವೆ ಅನ್ನ. ಮೊದಲು ಸಾರು, ಸಾರಿನ ಹಿಂದೆ ಹುಳಿ, ಕೊನೆಗೆ ಮಜ್ಜಿಗೆ. ಮದುವೆ ಯಾರದ್ದಾದರೂ ಕ್ರಮ ತಪ್ಪುವುದಿಲ್ಲ. ಉಡುಪಿಯಲ್ಲಿ ಹುಟ್ಟಿದ ಪುಣ್ಯ ಅಂದರೆ ಇದೇ.

ತೊಂದರೆ ಸಾರಿನದು. ಅದಕ್ಕೆ ಶಿಸ್ತಿಲ್ಲ. ಪಲ್ಯದ ಕಡೆ ಹರಿಯಿತೋ, ಆಮೇಲೆ ಆ ಪಲ್ಯಕ್ಕೂ ನನಗೂ ಸಂಬಂಧವಿಲ್ಲ. ಹಾಗಾಗಿ ಅನ್ನದಲ್ಲಿ ಕಟ್ಟೆ ಕಟ್ಟುವ ವಿದ್ಯೆಯನ್ನು ಆರನೇ ವಯಸ್ಸಿಗೇ ಕಲಿತಿದ್ದೆ. "ಎಂತ ಮಾರಾಯ್ತಿ, ತೋಟಕ್ಕೆ ನೀರು ಬಿಡುವುದಾ?" ಅಂದರು ಬಡಿಸುವ ಭಟ್ರು. "ಅಲ್ಲ, ಸಾರು" ಅಂದೆ. ಪಂಕ್ತಿಯೆಲ್ಲ ನಕ್ಕಿತು. ಯಾಕೆಂದು ತಿಳಿಯಲು ನನಗೆ ವರ್ಷಗಳು ಬೇಕಾದವು.

ಊಟದ ನಡುವೆ ಯಾರೋ ಶ್ಲೋಕ ಹೇಳಿ, ಇನ್ನೂರು ಮಂದಿ ಒಟ್ಟಿಗೆ "ಗೋವಿಂದ" ಎಂದಾಗ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಬೈಗುಳ ಬೀಳುತ್ತಿದ್ದದ್ದು ಕಿವಿ ಮುಚ್ಚಿದ್ದಕ್ಕಲ್ಲ, ಎಂಜಲು ಕೈಯಲ್ಲಿ ಮುಚ್ಚಿದ್ದಕ್ಕೆ.

ಮನೆಯಲ್ಲಿ ನನ್ನನ್ನು ಯಾರೂ ವಿಚಿತ್ರ ಅನ್ನಲಿಲ್ಲ. ಅಜ್ಜಿಗೆ ವಿಪರೀತ ಮಡಿ. ಅವರ ತಂಬಿಗೆ ಯಾರೂ ಮುಟ್ಟುವಂತಿಲ್ಲ, ಮುಸುರೆ ಕೈ ಇನ್ನೊಂದು ಪಾತ್ರೆಗೆ ತಾಗುವಂತಿಲ್ಲ. ನಾನು ಅದೇ ಲೋಟ ಬೇಕೆಂದು ಅತ್ತರೆ, ಎತ್ತಿಕೊಳ್ಳಲು ಬಂದವರಿಂದ ಸರಿದು ನಿಂತರೆ, "ಅಜ್ಜಿಯದೇ ಪಡಿಯಚ್ಚು" ಎಂದು ಹೆಮ್ಮೆಪಡುತ್ತಿದ್ದರು. ಶಾಲೆಯಲ್ಲಿ ಆ ಮಡಿ ನಡೆಯಲಿಲ್ಲ. ಅಲ್ಲಿ ನಾನು ಜಂಬದವಳು.

ಕಳೆದ ವರ್ಷ, 45ರ ಹೊಸ್ತಿಲಲ್ಲಿ, ಅಣ್ಣನ ಮಗನ ತಪಾಸಣೆಗೆ ಜೊತೆಗೆ ಹೋದವಳು ಡಾಕ್ಟರ ಪ್ರಶ್ನೆಗಳಿಗೆಲ್ಲ ಮನಸ್ಸಿನಲ್ಲೇ ಉತ್ತರಿಸುತ್ತ ಕೂತೆ. ಅವನಿಗಿಂತ ನನಗೇ ಹೆಚ್ಚು ಮಾರ್ಕು ಬಂದಂತಿತ್ತು. ಆಮೇಲೆ ನನ್ನದೂ ತಪಾಸಣೆಯಾಯಿತು: ಆಟಿಸಂ. ಕನ್ನಡದಲ್ಲಿ ಸ್ವಲೀನತೆ. ಈ ಪದದ ಮೇಲೆ ನನ್ನದೊಂದು ತಕರಾರಿದೆ. ನಾನು ನನ್ನಲ್ಲೇ ಲೀನಳಾದದ್ದು ಯಾವಾಗ? ಎಲೆಯಲ್ಲಿ, ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆಯಲ್ಲಿ, ರವಿಕೆಯ ಒಳಹೊಲಿಗೆ ಚುಚ್ಚುವುದರಲ್ಲಿ ಲೀನಳಾಗಿ ನನಗೆ ನಾನೇ ಸಿಗುತ್ತಿರಲಿಲ್ಲ.

1943ರಲ್ಲಿ ಅಮೆರಿಕದಲ್ಲಿ ಲಿಯೊ ಕ್ಯಾನರ್ ಎಂಬ ವೈದ್ಯರು ಆಟಿಸಂ ಇದ್ದ 11 ಮಕ್ಕಳ ಬಗ್ಗೆ ಬರೆದರಂತೆ. ಎಲ್ಲವೂ ಇದ್ದ ಹಾಗೆಯೇ ಇರಬೇಕೆಂಬ ಹಟದ ಮಾತು ಅದರಲ್ಲಿದೆ. ಆ 11ರಲ್ಲಿ ಹುಡುಗಿಯರು ಮೂವರೇ. ಆ ಹೊತ್ತಿಗೆ ರಥಬೀದಿಯ ಹಿಂದಿನ ಮನೆಯಲ್ಲಿ ಅಜ್ಜಿ ಒದ್ದೆ ಸೀರೆಯುಟ್ಟು ಅದೇ ಹಟ ಸಾಧಿಸುತ್ತಿದ್ದರು. ಮಡಿಯೆಲ್ಲ ಆಟಿಸಂ ಎಂದು ನಾನು ಹೇಳುತ್ತಿಲ್ಲ, ಮಾರಾಯ್ರೇ. ಮಡಿಯ ಹೆಸರಲ್ಲಿ ಅಂಗಳದಲ್ಲೇ ನಿಲ್ಲಬೇಕಾದವರಿಗೆ ಅದು ನಗುವ ಸಂಗತಿಯೂ ಅಲ್ಲ. ಆದರೆ ಆ ಮನೆಯಲ್ಲಿ ನನ್ನಂಥವಳು ಅಡಗಿ ಕೂರಲು ಬೇಕಾದಷ್ಟು ಜಾಗವಿತ್ತು.

ಅಮ್ಮನಿಗೆ ಹೇಳಿದೆ. "ಇಷ್ಟು ಹೇಳಲಿಕ್ಕೆ ಡಾಕ್ಟ್ರಿಗೆ ದುಡ್ಡು ಕೊಟ್ಟೆಯಾ?" ಅಂದರು.

ಮೊನ್ನೆ ಮದುವೆಯೂಟಕ್ಕೆ ಅಣ್ಣನ ಮಗ ನನ್ನ ಪಕ್ಕದಲ್ಲೇ ಕೂತ. ಸಾರಿನವರು ಬರುವ ಮೊದಲೇ ಅವನ ಕಟ್ಟೆ ತಯಾರು. ಪಲ್ಯದ ಬದಿಗೆ ಎರಡು ಸಾಲು. ನನ್ನ ಎಲೆಯನ್ನು ಸ್ವಲ್ಪ ಹೊತ್ತು ಪರೀಕ್ಷಿಸಿ, "ಅತ್ತೆ, ನಿಮ್ಮದು ಸೋರ್ತದೆ" ಅಂದ.