ಅಂಕಗಳಿಗಾಗಿ ವೀಣೆ ಬೇಡ

ನನ್ನ ಮಗಳು ಇಲ್ಲೇ ಕುವೆಂಪುನಗರದಲ್ಲಿ ವೀಣೆ ಕಲಿಯುತ್ತಿದ್ದಾಳೆ ಎಂದ ಕೂಡಲೇ ಪರಿಚಿತರು ಕೇಳುವುದು, ಇದರಿಂದ ಅವಳ ಓದಿಗೆ ಅನುಕೂಲವಾಯಿತೇ ಎಂದು. ವೀಣೆ ಶೇಷಣ್ಣನವರು ಬಾಳಿ ನುಡಿಸಿದ ಮೈಸೂರಿನಲ್ಲಿ ಈ ಮಾತು ಕೇಳಿದಾಗ ನನಗೆ ನೋವಾಗುತ್ತದೆ.

ಸಂಗೀತಾಭ್ಯಾಸವು ಮಿದುಳಿನ ರಚನೆಯನ್ನೇ ಬದಲಿಸಬಲ್ಲದು ಎಂಬ ಮಾತಿಗೆ ಗಟ್ಟಿಯಾದ ಆಧಾರಗಳಿವೆ. 1995ರಲ್ಲಿ ಥಾಮಸ್ ಎಲ್ಬರ್ಟ್ ಮತ್ತು ಸಂಗಡಿಗರು ಪಿಟೀಲು ಮೊದಲಾದ ತಂತಿವಾದ್ಯ ನುಡಿಸುವ 9 ಮಂದಿಯನ್ನು ಪರೀಕ್ಷಿಸಿದಾಗ, ತಂತಿ ಒತ್ತುವ ಎಡಗೈ ಬೆರಳುಗಳ ಸ್ಪರ್ಶಕ್ಕೆ ಅವರ ಮಿದುಳು ಇತರರಿಗಿಂತ ಬಲವಾಗಿ ಸ್ಪಂದಿಸುತ್ತಿತ್ತು. ಬಲಗೈಯ ವಿಷಯದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಗಾಟ್‌ಫ್ರೀಡ್ ಶ್ಲಾಗ್ ಅವರ ತಂಡವು, ಮಿದುಳಿನ ಎಡಬಲ ಅರೆಗೋಳಗಳನ್ನು ಬೆಸೆಯುವ ನರತಂತುಗಳ ಕಟ್ಟಿನ ಮುಂಭಾಗವು 7 ವರ್ಷ ತುಂಬುವ ಮೊದಲೇ ಅಭ್ಯಾಸಕ್ಕೆ ಕುಳಿತ ವಾದಕರಲ್ಲಿ ಹೆಚ್ಚು ದೊಡ್ಡದಾಗಿರುವುದನ್ನು ಗುರುತಿಸಿತು. ಅಂಥ ಮಿದುಳಿನೊಂದಿಗೆ ಹುಟ್ಟಿದವರೇ ಸಂಗೀತಕ್ಕೆ ಒಲಿದಿರಬಹುದಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 2009ರಲ್ಲಿ ಕ್ರಿಸ್ಟಾ ಹೈಡ್ ಮತ್ತು ಸಹಸಂಶೋಧಕರು ಸುಮಾರು 6 ವರ್ಷದ ಮಕ್ಕಳನ್ನು ಕೀಬೋರ್ಡ್ ಪಾಠಕ್ಕೆ ಮೊದಲೂ 15 ತಿಂಗಳ ನಂತರವೂ ಪರೀಕ್ಷಿಸಿ, ಆ ಪಾಠವಿಲ್ಲದ ಮಕ್ಕಳೊಂದಿಗೆ ಹೋಲಿಸಿ ನೋಡಿದರು. ಆರಂಭದಲ್ಲಿ ಇರದಿದ್ದ ವ್ಯತ್ಯಾಸಗಳು ಪಾಠದ ನಂತರ ಕೈಚಲನೆಗೂ ಶ್ರವಣಕ್ಕೂ ಸಂಬಂಧಿಸಿದ ಭಾಗಗಳಲ್ಲಿ ಕಂಡುಬಂದವು.

ಕೈ ಮತ್ತು ಕಿವಿ ಎಂಬುದನ್ನು ಗಮನಿಸಬೇಕು. ವೀಣೆಯಲ್ಲಿ ಬಲಗೈಯ ತೋರುಬೆರಳು, ನಡುಬೆರಳುಗಳು ಮೀಟುತ್ತಿರುವಾಗಲೇ ಕಿರುಬೆರಳು ತಾಳದ ತಂತಿಗಳನ್ನು ನೋಡಿಕೊಳ್ಳಬೇಕು. ಎಡಗೈ ಒಂದೇ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಮುಂದಿನ ಸ್ವರವನ್ನು ಮುಟ್ಟುವಾಗ, ಎಲ್ಲಿ ನಿಲ್ಲಿಸಬೇಕೆಂದು ಹೇಳುವ ಗುರುತು ವಾದ್ಯದ ಮೇಲೆ ಎಲ್ಲಿಯೂ ಇಲ್ಲ, ಕಿವಿಯೇ ಹೇಳಬೇಕು. ಸರಳೆ ವರಸೆ ಎಂಬ ಆರಂಭದ ಸ್ವರಪಾಠವನ್ನು ಮೂರು ಕಾಲಗಳಲ್ಲಿ, ಅಂದರೆ ಮೂರು ವೇಗಗಳಲ್ಲಿ, ವರ್ಷಗಟ್ಟಲೆ ನುಡಿಸುವ ಮಗುವಿನಲ್ಲಿ ಕೈಕಿವಿಗಳ ಈ ನಂಟು ಬಲಗೊಳ್ಳುವುದು ಸಹಜ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ದೊಡ್ಡ ಸಂಪಾದನೆ.

ಗಣಿತದ ಅಂಕಗಳ ಮಾತು ಬೇರೆ. ಜೋವಾನಿ ಸಾಲಾ ಮತ್ತು ಫರ್ನಾಂಡ್ ಗೋಬೆ 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ, ಕಟ್ಟುನಿಟ್ಟಾಗಿ ನಡೆದ ಪ್ರಯೋಗಗಳಲ್ಲಿ ಸಂಗೀತ ಶಿಕ್ಷಣದಿಂದ ಬುದ್ಧಿಶಕ್ತಿಗಾಗಲಿ ಓದಿಗಾಗಲಿ ಆಗುವ ಲಾಭ ಇಲ್ಲವೆನ್ನುವಷ್ಟು ಕಡಿಮೆ ಎಂದು ತಿಳಿದುಬಂತು. ಅಂಕದ ಆಸೆಗೆ ಸೇರಿಸಿದ ಮಕ್ಕಳನ್ನು ಅಂಕದ ಭಯಕ್ಕೇ ಬಿಡಿಸುವುದನ್ನೂ ನಾನು ನೋಡುತ್ತಿದ್ದೇನೆ: ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿ, ಕೈ ಆಗತಾನೇ ಹದಕ್ಕೆ ಬಂದಿರುವ ಹೊತ್ತಿನಲ್ಲಿ, ಎಸ್‌ಎಸ್‌ಎಲ್‌ಸಿ ಬಂತೆಂದು ಪೋಷಕರು ವೀಣೆಗೆ ಗವಸು ಹಾಕಿಸಿಬಿಡುತ್ತಾರೆ.